ಲಲಿತ ಮಹಲಿನಲ್ಲಿ ಒಂದು ರಾತ್ರಿ: ಕೊಟ್ಟ ಹಣಕ್ಕೆ ಸಿಗುವುದೇನು?

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯವರಿಗೆ ಮೈಸೂರು ದೂರದ ಊರಲ್ಲ. ಮದುವೆ ಜವಳಿಗೆ, ದೊಡ್ಡಾಸ್ಪತ್ರೆಗೆ, ಮಕ್ಕಳ ಕಾಲೇಜಿಗೆ, ದಸರೆಗೆ ಎಂದು ವರ್ಷವಿಡೀ ಓಡಾಟ ಇದ್ದೇ ಇರುತ್ತದೆ. ಹಾಗೆ ಹೋದವರು ಚಾಮುಂಡಿ ಬೆಟ್ಟ ಹತ್ತುವಾಗ ಕೆಳಗೆ ಬೆಳ್ಳಗೆ ಹರಡಿಕೊಂಡಿರುವ ಒಂದು ಕಟ್ಟಡವನ್ನು ನೋಡಿ, "ಅದೇ ನೋಡು ಲಲಿತ ಮಹಲ್" ಎಂದು ಮಕ್ಕಳಿಗೆ ತೋರಿಸುತ್ತಾರೆ. ಆ ಮಕ್ಕಳು ಈಗ ಬೆಳೆದು ಸಂಬಳ ತರುತ್ತಿದ್ದಾರೆ. ಅಪ್ಪ ಅಮ್ಮನ ಮದುವೆಯಾಗಿ ನಲವತ್ತು ವರ್ಷ ತುಂಬಿತು, ಒಂದು ರಾತ್ರಿಯಾದರೂ ಅವರನ್ನು ಆ ಅರಮನೆಯಲ್ಲಿ ಉಳಿಸಬೇಕು ಎಂಬ ಆಸೆ ಅವರಿಗೆ. ಆಸೆಯ ಹಿಂದೆಯೇ ಅನುಮಾನ: ಅಷ್ಟು ದುಡ್ಡು ಕೊಟ್ಟರೆ ಹೆಸರಿಗೆ ತಕ್ಕ ಹಾಗೆ ಇರುತ್ತದೆಯೇ?

ಇದಕ್ಕೆ ನನ್ನ ಉತ್ತರ ನೇರವಾಗಿಯೇ ಇದೆ. ಕಟ್ಟಡ ತನ್ನ ಹೆಸರನ್ನು ಉಳಿಸಿಕೊಂಡಿದೆ. ಒಂದಿಷ್ಟೂ ಸಂಶಯ ಬೇಡ. ಆದರೆ ಕಟ್ಟಡದ ಹೆಸರು ಕೋಣೆಯೊಳಗಿನ ಸುಖಕ್ಕೆ ಜಾಮೀನಲ್ಲ. ನಾವು ಕೊಡುವ ಬಾಡಿಗೆಯಲ್ಲಿ ಎರಡು ಬೇರೆ ಬೇರೆ ವಸ್ತುಗಳ ಬೆಲೆ ಸೇರಿರುತ್ತದೆ, ಒಂದು ಚರಿತ್ರೆಯದು, ಇನ್ನೊಂದು ಉಪಚಾರದ್ದು. ಚರಿತ್ರೆ ನೂರು ವರ್ಷದ ಹಿಂದೆಯೇ ಕಟ್ಟಿ ಮುಗಿದಿದೆ. ಉಪಚಾರವನ್ನು ದಿನಾ ಬೆಳಿಗ್ಗೆ ಹೊಸದಾಗಿ ಶುರು ಮಾಡಬೇಕು. ಹಳೆಯ ಹೋಟೆಲುಗಳ ಬಗ್ಗೆ ಜನರಿಗೆ ಆಗುವ ನಿರಾಸೆಯ ಬಹುಪಾಲು ಈ ಎರಡನ್ನೂ ಒಂದೇ ಎಂದುಕೊಂಡು ಹೋಗುವುದರಿಂದ ಬರುತ್ತದೆ.

ಮೊದಲು ಆ ಕಟ್ಟಡ ಯಾರಿಗಾಗಿ ಎದ್ದಿತು ಎಂಬುದನ್ನು ನೋಡಬೇಕು. ನಾಲ್ವಡಿ ಕೃಷ್ಣರಾಜ ಒಡೆಯರ್ 1921ರಲ್ಲಿ ಇದನ್ನು ಕಟ್ಟಿಸಲು ತೊಡಗಿದ್ದು ಭಾರತದ ವೈಸರಾಯ್ ಮೈಸೂರಿಗೆ ಬಂದಾಗ ಇಳಿದುಕೊಳ್ಳಲೆಂದು. ಆಮೇಲೆ ಮಹಾರಾಜರ ಇತರ ಯುರೋಪಿಯನ್ ಅತಿಥಿಗಳಿಗೂ ಅದೇ ಬಿಡದಿಯಾಯಿತು. ನಕ್ಷೆ ಮುಂಬಯಿಯ ವಾಸ್ತುಶಿಲ್ಪಿ ಇ. ಡಬ್ಲ್ಯು. ಫ್ರಿಚ್ಲಿ ಅವರದು. ಕಟ್ಟಿದವರು ಗುತ್ತಿಗೆದಾರ ಬಿ. ಮುನಿವೆಂಕಟಪ್ಪ. ನಡುವಿನ ದೊಡ್ಡ ಗುಮ್ಮಟ ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್ಲನ್ನು ನೆನಪಿಸುವಂಥದು. ಮುಂಭಾಗದಲ್ಲಿ ಜೋಡಿ ಜೋಡಿಯಾಗಿ ನಿಂತ ಅಯೋನಿಕ್ ಕಂಬಗಳು. ಒಳಗೆ ಇಟಲಿಯ ಅಮೃತಶಿಲೆಯ ಮೆಟ್ಟಿಲು. ಬಾಲ್‌ರೂಮಿನ ಚಾವಣಿಯಲ್ಲಿ ಬೆಲ್ಜಿಯಂ ಗಾಜಿನ ಗುಮ್ಮಟಗಳು. ಗೋಡೆಗಳ ಮೇಲೆ ಒಡೆಯರ ಆಳೆತ್ತರದ ಚಿತ್ರಗಳು. ಮೈಸೂರಿನ ಅರಮನೆಗಳಲ್ಲಿ ದೊಡ್ಡ ಅರಮನೆ ಬಿಟ್ಟರೆ ಇದೇ ದೊಡ್ಡದು. ಬೇಲೂರಿನ ಕಲ್ಲಿನ ಕೆಲಸ ನೋಡಿ ಬೆಳೆದ ನಮ್ಮ ಕಣ್ಣಿಗೆ ಈ ಶೈಲಿ ಪರಕೀಯ ಅನ್ನಿಸಬಹುದು. ಆದರೆ ಆ ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡಿದಾಗ, ಬೆಳಕನ್ನು ಒಳಗೆ ಇಳಿಸುವುದರಲ್ಲಿ ಇರುವ ಜಾಣತನ ಯಾರಿಗಾದರೂ ತಿಳಿಯುತ್ತದೆ. ನನಗಂತೂ ಅದು ಈ ರಾಜ್ಯದ ಅತ್ಯಂತ ಸುಂದರ ಒಳಾಂಗಣಗಳಲ್ಲಿ ಒಂದು.

ಒಂದು ವಿಷಯವನ್ನು ಮಾತ್ರ ಮರೆಯಬಾರದು. ಇದು ಹೋಟೆಲ್ ಆಗಲೆಂದು ಕಟ್ಟಿದ್ದಲ್ಲ. ವೈಸರಾಯ್ ಬರುತ್ತಿದ್ದುದು ಅಪರೂಪಕ್ಕೆ, ಬಂದರೆ ತನ್ನ ಪರಿವಾರವನ್ನೆಲ್ಲ ಕಟ್ಟಿಕೊಂಡು. ಉದ್ದನೆಯ ಮೊಗಸಾಲೆಗಳು, ನೂರಾರು ಜನ ನಿಲ್ಲುವ ಹಜಾರಗಳು ಆ ಮೆರವಣಿಗೆಯ ಬದುಕಿಗೆ ಬೇಕಾಗಿದ್ದವು. ಬಿಸಿನೀರು ಕೊಳಾಯಿಯಲ್ಲಿ ಬರುತ್ತದೋ ಇಲ್ಲವೋ ಎಂದು ಅತಿಥಿ ಯೋಚಿಸಬೇಕಾಗಿರಲಿಲ್ಲ, ತಂದುಕೊಡಲು ಆಳುಗಳಿದ್ದರು. ಅಂದಿನ ಐಷಾರಾಮ ಇದ್ದದ್ದು ಆಳುಗಳಲ್ಲಿ ಮತ್ತು ಖರ್ಚಿಗೆ ಹಿಂದೆಮುಂದೆ ನೋಡದ ಅರಮನೆಯ ಖಜಾನೆಯಲ್ಲಿ. ಕಟ್ಟಡ ಅದಕ್ಕೊಂದು ಹಿನ್ನೆಲೆ.

1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿಯ ಮೂಲಕ ರಾಜಧನ ರದ್ದಾಯಿತು. ದೇಶದ ಎಷ್ಟೋ ಅರಮನೆಗಳು ಹೋಟೆಲುಗಳಾಗಿದ್ದು ಆ ಆಸುಪಾಸಿನ ವರ್ಷಗಳಲ್ಲಿ. ಲಲಿತ ಮಹಲ್ 1974ರಲ್ಲಿ ಭಾರತ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ, ಅಂದರೆ ಐಟಿಡಿಸಿಯ ಕೈಯಲ್ಲಿ ಹೋಟೆಲಾಯಿತು. ಬಾಲ್‌ರೂಮ್ ಊಟದ ಹಾಲ್ ಆಯಿತು. ವೈಸರಾಯ್ ಕೋಣೆ ಎಲ್ಲಕ್ಕಿಂತ ದುಬಾರಿ ಸೂಟ್ ಆಯಿತು. ಖಜಾನೆ ಹೊತ್ತಿದ್ದ ಭಾರವನ್ನು ಅಂದಿನಿಂದ ಕೋಣೆ ಬಾಡಿಗೆ ಹೊರಬೇಕಾಯಿತು.

ಆ ಭಾರ ಎಷ್ಟು ಎಂದು ತಿಳಿಯಲು ಒಂದು ಸರಳ ಲೆಕ್ಕ ಹಾಕೋಣ. ಇದು ನನ್ನದೇ ಅಂದಾಜು, ಅವರ ಲೆಕ್ಕದ ಪುಸ್ತಕದ್ದಲ್ಲ. ಅಲ್ಲಿರುವುದು ಐವತ್ತರ ಆಸುಪಾಸಿನ ಕೋಣೆಗಳು. 50 ಕೋಣೆ ಎಂದಿಟ್ಟುಕೊಂಡರೆ ವರ್ಷಕ್ಕೆ ಒಟ್ಟು 18,250 ರಾತ್ರಿಗಳು. ಅರ್ಧ ತುಂಬಿದರೆ 9,125. ಸರಾಸರಿ 7,000 ರೂಪಾಯಿ ಬಾಡಿಗೆ ಬಂತೆನ್ನಿ, ವರ್ಷಕ್ಕೆ ಆರೂಕಾಲು ಕೋಟಿಯ ಮೇಲೆ ಸ್ವಲ್ಪ. ಸಂಬಳ, ಕರೆಂಟು, ಅಡುಗೆಮನೆ, ತೋಟ, ಬಟ್ಟೆ ಒಗೆತ ಎಲ್ಲ ಇದರಲ್ಲೇ ಆಗಬೇಕು. ಊಟ ಮತ್ತು ಮದುವೆಯ ಆದಾಯ ಒಂದಿಷ್ಟು ಸೇರುತ್ತದೆ. ಅಷ್ಟೇ ದೊಡ್ಡ ಜಾಗದಲ್ಲಿ ಹೊಸದಾಗಿ ಕಟ್ಟಿದವನು ಇದರ ಮೂರು ನಾಲ್ಕು ಪಟ್ಟು ಕೋಣೆ ಮಾಡಿರುತ್ತಾನೆ. ಬಾಡಿಗೆಗೆ ಕೊಡಲಾಗದ ಗುಮ್ಮಟ, ಮೊಗಸಾಲೆ, ಮೆಟ್ಟಿಲುಗಳ ಮೇಲೆ ಅವನಿಗೆ ಒಂದು ಕಾಸೂ ಖರ್ಚಿಲ್ಲ. ಇಲ್ಲಿ ಜನ ನೋಡಲು ಬರುವುದೇ ಆ ಬಾಡಿಗೆ ತಾರದ ಜಾಗಗಳನ್ನು.

ಖರ್ಚಿನ ಜೊತೆಗೆ ಕಟ್ಟಡದ ಗುಣವೂ ಇದೆ. ಹಳೆ ಮೈಸೂರಿನಲ್ಲಿ ಆ ಕಾಲದ ಕಟ್ಟಡಗಳು ಇಟ್ಟಿಗೆ ಮತ್ತು ಸುಣ್ಣದ ಗಾರೆಯವು. ಹೊಳೆನರಸೀಪುರದ ಹಳೆಯ ಬೀದಿಗಳಲ್ಲಿ, ಹಾಸನದ ಹಳೆಯ ಮನೆಗಳಲ್ಲಿ ತೇಗದ ತೊಲೆಯ ಮೇಲೆ ಮದ್ರಾಸ್ ತಾರಸಿ ಹಾಕಿರುವುದನ್ನು ನೋಡಿದವರಿಗೆ ಈ ಕೆಲಸ ಗೊತ್ತು. ತೆಳು ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಸುಣ್ಣದಲ್ಲಿ ಕೂರಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಜಲ್ಲಿ, ಸುಣ್ಣ. ಅಳಲೆಕಾಯಿ, ಬೆಲ್ಲದ ನೀರು ಚಿಮುಕಿಸಿಕೊಂಡು ದಿನಗಟ್ಟಲೆ ಮರದ ಕೊಡತಿಯಲ್ಲಿ ಬಡಿಯುತ್ತಾರೆ. ಇಂಥ ಗೋಡೆ, ತಾರಸಿಗಳು ತೇವವನ್ನು ಎಳೆದುಕೊಂಡು ಹೊರಕ್ಕೆ ಬಿಡುತ್ತವೆ. ಆದ್ದರಿಂದಲೇ ಬೇಸಿಗೆಯಲ್ಲಿ ಒಳಗೆ ತಂಪು. ಇದರ ಮೇಲೆ ಸಿಮೆಂಟು ಮೆತ್ತಿದರೆ, ಎಣ್ಣೆ ಬಣ್ಣ ಬಳಿದರೆ ತೇವ ಹೊರಗೆ ಬರಲಾಗದೆ ಒಳಗೇ ನಿಲ್ಲುತ್ತದೆ. ಉಪ್ಪು ಬಿಡುತ್ತದೆ. ಗಾರೆ ಹಪ್ಪಳದಂತೆ ಏಳುತ್ತದೆ. ಮತ್ತೆ ಅದಕ್ಕೇ ಇನ್ನಷ್ಟು ಸಿಮೆಂಟು ಮೆತ್ತುತ್ತಾರೆ. ಹಳೆಯ ಕಟ್ಟಡಗಳು ಹಾಳಾಗಲು ವಯಸ್ಸಿಗಿಂತ ಇಂಥ ಅವಸರದ ರಿಪೇರಿಯೇ ದೊಡ್ಡ ಕಾರಣ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹೋಟೆಲು ಮಾಡುವಾಗ ಇನ್ನೂ ಒಂದು ತೊಡಕು ಸೇರಿಕೊಳ್ಳುತ್ತದೆ. ಪ್ರತಿ ಕೋಣೆಗೂ ಬಚ್ಚಲು ಬೇಕು, ಎ.ಸಿ. ಬೇಕು. ಹಳೆಯ ಸುಣ್ಣದ ನೆಲದ ಮೇಲೆ, ಅದೂ ಮಹಡಿಯಲ್ಲಿ, ದಿನಕ್ಕೆ ಎರಡು ಸಲ ಶವರ್ ನೀರು ಬಿದ್ದರೆ ಕೆಳಗಿನ ಚಾವಣಿಗೆ ಅದು ಗೊತ್ತಾಗುತ್ತದೆ. ಗೋಡೆ ಕೊರೆದು ಪೈಪು ಎಳೆಯುವುದೂ ಸುಲಭವಲ್ಲ. ಹಾಗೆಂದೇ ಇಂಥ ಕಡೆ ಒಂದು ಕೋಣೆ ಇದ್ದಂತೆ ಇನ್ನೊಂದು ಇರುವುದಿಲ್ಲ. ಒಂದರಲ್ಲಿ ಎತ್ತರದ ಚಾವಣಿ, ದೊಡ್ಡ ಕಿಟಕಿ, ಬೆಟ್ಟದ ನೋಟ, ಇನ್ನೊಂದು ಸಾಧಾರಣ. ಒಂದೇ ಹೋಟೆಲಿನಲ್ಲಿ ಒಂದೇ ವಾರ ಉಳಿದ ಇಬ್ಬರು ಒಬ್ಬರಿಗೊಬ್ಬರು ಸಂಬಂಧವಿಲ್ಲದ ಹಾಗೆ ಹೇಳುವುದು ಇದರಿಂದಲೇ. ಇಬ್ಬರ ಮಾತೂ ನಿಜವಿರುತ್ತದೆ.

ನಕ್ಷತ್ರದ ಲೆಕ್ಕ ನೋಡಿ ನಿರ್ಧರಿಸಬಹುದಲ್ಲ ಎನ್ನುವವರಿದ್ದಾರೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ವರ್ಗೀಕರಣ ಸಮಿತಿ ಕೊಡುವ ನಕ್ಷತ್ರಗಳು ಮುಖ್ಯವಾಗಿ ಸೌಲಭ್ಯವನ್ನು ಅಳೆಯುತ್ತವೆ: ಕೋಣೆಯ ಅಳತೆ, ಬಚ್ಚಲು, ಲಿಫ್ಟು, ಊಟದ ವ್ಯವಸ್ಥೆ. ಪಾರಂಪರಿಕ ಹೋಟೆಲುಗಳಿಗೆ ಬೇರೆಯದೇ ಸಾಲು ಇದೆ. 1935ರಿಂದ 1950ರೊಳಗೆ ಕಟ್ಟಿದ ಅರಮನೆ, ಕೋಟೆ, ಬಂಗಲೆಗಳಿಗೆ ಹೆರಿಟೇಜ್ ದರ್ಜೆ. 1935ಕ್ಕಿಂತ ಹಳೆಯವಕ್ಕೆ ಹೆರಿಟೇಜ್ ಕ್ಲಾಸಿಕ್ ಮತ್ತು ಹೆರಿಟೇಜ್ ಗ್ರ್ಯಾಂಡ್. ಅಲ್ಲಿ ಕಟ್ಟಡದ ಚಹರೆ, ಪ್ರದೇಶದ ರೀತಿ ರಿವಾಜು, ಅಡುಗೆಗೆ ಬೆಲೆ. ಈ ಮಾನ್ಯತೆ ಸಿಕ್ಕಿದರೆ ಐದು ವರ್ಷ ಚಾಲ್ತಿ. ವರ್ಗೀಕರಣಕ್ಕೆ ಒಳಪಡುವುದು ಹೋಟೆಲಿನವರ ಇಷ್ಟಕ್ಕೆ ಬಿಟ್ಟಿದ್ದು. ತಪಾಸಣೆ ನಡೆದ ದಿನ ಏನಿತ್ತು ಎಂಬುದಷ್ಟೇ ಆ ಪ್ರಮಾಣಪತ್ರದಲ್ಲಿ ಇರುತ್ತದೆ. ಮೂರು ಮಳೆಗಾಲ ಕಳೆದ ಮೇಲೆ ನೀವು ಹೋಗಿ ಬಾಗಿಲು ತೆರೆದಾಗ ಏನಿರುತ್ತದೆ ಎಂಬುದಕ್ಕೆ ಅದು ಸಾಕ್ಷಿಯಾಗಲಾರದು.

ಇದೇ ಐಟಿಡಿಸಿಯ ಒಂದು ಹೋಟೆಲು ನಮ್ಮ ಹಾಸನದಲ್ಲೂ ಇತ್ತಲ್ಲ, ಬಿ.ಎಂ. ರಸ್ತೆಯ ಹಾಸನ್ ಅಶೋಕ್. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ನೋಡಲು ಬಂದ ವಿದೇಶಿಯರು ಇಳಿಯುತ್ತಿದ್ದುದು ಅಲ್ಲಿ. ಜಿಲ್ಲೆಯಲ್ಲಿ ದೊಡ್ಡವರ ಕಾರ್ಯಕ್ರಮ, ಸಭೆ, ಆರತಕ್ಷತೆ ಎಂದರೆ ಅಶೋಕ್ ಎಂದು ಹೇಳುವ ಕಾಲವಿತ್ತು. ಅದು ಪುರಾತನ ಕಟ್ಟಡವೇನಲ್ಲ. ಅದರ ಹೆಸರು ನಿಂತಿದ್ದು ಸುತ್ತಮುತ್ತ ಅಂಥದ್ದು ಬೇರೆ ಇರಲಿಲ್ಲ ಎಂಬುದರ ಮೇಲೆ. 2001-02ರ ಸುಮಾರಿಗೆ ಕೇಂದ್ರ ಸರ್ಕಾರ ಐಟಿಡಿಸಿ ಹೋಟೆಲುಗಳನ್ನು ಒಂದೊಂದಾಗಿ ಮಾರುವಾಗ ಹಾಸನದ್ದೂ ಖಾಸಗಿಯವರ ಪಾಲಾಯಿತು. ಬೆಂಗಳೂರಿನ ಅಶೋಕ ಗುತ್ತಿಗೆಗೆ ಹೋಯಿತು. ಲಲಿತ ಮಹಲ್ ಮಾತ್ರ ಐಟಿಡಿಸಿಯಲ್ಲೇ ಉಳಿದು, 2017ರಲ್ಲಿ ಕೇಂದ್ರ ಸಂಪುಟ ತೀರ್ಮಾನಿಸಿದಂತೆ ರಾಜ್ಯ ಸರ್ಕಾರಕ್ಕೆ ಮರಳಿತು. ಅದನ್ನು ನಡೆಸುವ ಹೊಣೆ ರಾಜ್ಯದ್ದೇ ಆದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಕಂಪನಿಗೆ ಬಂತು.

ಜಂಗಲ್ ಲಾಡ್ಜಸ್ 1980ರಲ್ಲಿ ಹುಟ್ಟಿದ್ದು ಕಬಿನಿ ದಂಡೆಯ ಕಾಡಿನಲ್ಲಿ. ಅವರ ನಿಜವಾದ ಪರಿಣತಿ ಇರುವುದು ಆನೆ, ಹುಲಿ, ದೋಣಿ, ಜೀಪುಗಳಲ್ಲಿ. ಬೆಳಗಿನ ಐದೂವರೆಗೆ ಎದ್ದು ಕಾಡಿಗೆ ಹೋಗುವ ಅತಿಥಿ ಗೋಡೆಯ ಬಣ್ಣ ನೋಡುತ್ತಾ ಕೂರುವುದಿಲ್ಲ. ಅರಮನೆಗೆ ಬಂದ ಅತಿಥಿ ನೋಡುವುದೇ ಗೋಡೆ, ಚಾವಣಿ, ಪರದೆ, ತಟ್ಟೆ, ಲೋಟಗಳನ್ನು. ಆದರೂ ಸರ್ಕಾರಿ ಕಂಪನಿಯ ಕೈಯಲ್ಲಿ ಇರುವುದಕ್ಕೆ ಒಂದು ದೊಡ್ಡ ಒಳಿತಿದೆ. ಅದನ್ನು ಹೈದರಾಬಾದಿನ ಜೊತೆ ಇಟ್ಟು ನೋಡಿದರೆ ತಿಳಿಯುತ್ತದೆ.

ಹೈದರಾಬಾದಿನ ಫಲಕ್‌ನುಮಾ ಅರಮನೆ ಲಲಿತ ಮಹಲಿಗಿಂತ ಹಳೆಯದು. ನಿಜಾಮರ ಆ ಅರಮನೆ ವರ್ಷಗಟ್ಟಲೆ ಬೀಗ ಹಾಕಿಕೊಂಡು ಪಾಳು ಬಿದ್ದಿತ್ತು. ತಾಜ್ ಸಂಸ್ಥೆ ಗುತ್ತಿಗೆಗೆ ಪಡೆದು, ನಿಜಾಮರ ಮನೆತನದ ರಾಜಕುಮಾರಿ ಎಸ್ರಾ ಅವರ ಮೇಲ್ವಿಚಾರಣೆಯಲ್ಲಿ ಸುಮಾರು ಒಂದು ದಶಕ ಕೆಲಸ ಮಾಡಿಸಿ 2010ರಲ್ಲಿ ಹೋಟೆಲಾಗಿ ತೆರೆಯಿತು. ಅಲ್ಲಿರುವುದೂ 60 ಕೋಣೆಗಳೇ. ಅಷ್ಟೇ ಕೋಣೆಗಳಿಂದ ಆ ಖರ್ಚು ಹುಟ್ಟಬೇಕಾದರೆ ಬಾಡಿಗೆ ಎಲ್ಲಿಗೆ ಏರಬೇಕೋ ಅಲ್ಲಿಗೆ ಏರಿದೆ. ಒಳಗಿನ ಐಷಾರಾಮ ಹೆಸರಿಗೆ ತಕ್ಕದ್ದೇ. ಆದರೆ ಮುಂಚೆ ಬುಕ್ ಮಾಡದೆ ಸುಮ್ಮನೆ ನೋಡಿ ಬರುತ್ತೇನೆ ಎಂದು ಹೋದವನಿಗೆ ಗೇಟು ದಾಟುವುದು ಸಾಧ್ಯವಿಲ್ಲ. ಲಲಿತ ಮಹಲಿನಲ್ಲಿ ಹಾಗಿಲ್ಲ. ಅರಕಲಗೂಡಿನ ಒಬ್ಬ ಮೇಷ್ಟ್ರು ತಮ್ಮ ಮನೆಯವರನ್ನು ಕರೆದುಕೊಂಡು ಹೋಗಿ, ಆ ಗಾಜಿನ ಗುಮ್ಮಟದ ಕೆಳಗೆ ಕೂತು ಒಂದು ಊಟ ಮಾಡಿ ಬರಬಹುದು. ಸಾರ್ವಜನಿಕರ ಆಸ್ತಿ ಸಾರ್ವಜನಿಕರಿಗೆ ತೆರೆದಿರುವುದನ್ನು ನಾನು ಯಾವ ನಕ್ಷತ್ರಕ್ಕೂ ಬಿಟ್ಟುಕೊಡಲು ಒಪ್ಪುವುದಿಲ್ಲ.

ಹಾಗಾದರೆ ಎರಡೂ ಒಟ್ಟಿಗೆ ಆಗುವುದೇ ಇಲ್ಲವೇ? ಮೈಸೂರಿನಲ್ಲೇ ನಡುವಿನ ದಾರಿಯೊಂದು ಕಾಣುತ್ತದೆ. 1920ರಲ್ಲಿ ಮಹಾರಾಜರ ಬ್ರಿಟಿಷ್ ಅತಿಥಿಗಳಿಗೆಂದು ಎದ್ದ ಮೆಟ್ರೋಪೋಲ್ ಕಟ್ಟಡವನ್ನು 2000ದ ದಶಕದಲ್ಲಿ ಖಾಸಗಿ ಹೋಟೆಲ್ ಕಂಪನಿಯೊಂದು ಗುತ್ತಿಗೆಗೆ ಹಿಡಿದು ನವೀಕರಿಸಿತು. ನಡುವಿನ ಅಂಗಳ, ಉದ್ದನೆಯ ಜಗಲಿ ಹಾಗೆಯೇ ಇವೆ, ಊಟಕ್ಕೆ ಊರಿನವರೂ ಹೋಗುತ್ತಾರೆ. ಅದಕ್ಕೆ ಅನುಕೂಲವಾದ ಸಂಗತಿಯೆಂದರೆ ಅದು ಮೊದಲಿನಿಂದಲೂ ಅತಿಥಿಗಳ ತಂಗುದಾಣ, ಅಳತೆಯಲ್ಲೂ ಚಿಕ್ಕದು. ಬೆಂಗಳೂರಿನ ವೆಸ್ಟ್ ಎಂಡ್ ಕೂಡ ಹಾಗೆಯೇ. 1887ರಲ್ಲಿ ಬ್ರಾನ್ಸನ್ ಎಂಬ ಮಹಿಳೆ ಹತ್ತು ಕೋಣೆಗಳ ವಸತಿಗೃಹವಾಗಿ ಅದನ್ನು ಶುರು ಮಾಡಿದರು. ರೇಸ್ ಕೋರ್ಸ್ ಎದುರಿನ ಆ ದೊಡ್ಡ ತೋಟದಲ್ಲಿ ಕೋಣೆಗಳು ಕಾಲಕಾಲಕ್ಕೆ ಸೇರಿಕೊಳ್ಳುತ್ತಾ ಬಂದವು. ಹೋಟೆಲಾಗಿಯೇ ಹುಟ್ಟಿದ್ದಕ್ಕೆ ಹೊಸ ಕಾಲಕ್ಕೆ ಹೊಂದಿಕೊಳ್ಳಲು ಮೈ ಮುರಿದುಕೊಳ್ಳಬೇಕಾಗಲಿಲ್ಲ. ಅಲ್ಲಿನ ಮರಗಳ ನೆರಳೇ ಅರ್ಧ ಐಷಾರಾಮ. ಲಲಿತ ಮಹಲಿನ ಕಷ್ಟ ಬೇರೆ ಜಾತಿಯದು, ಆದ್ದರಿಂದ ಅದಕ್ಕೆ ಮದ್ದೂ ಬೇರೆ.

ಸರ್ಕಾರ ಮಾಡಬೇಕಾದ್ದು ಏನು ಎಂದು ಕೇಳಿದರೆ ನಾನು ಹೇಳುವುದು ಇಷ್ಟು. ಹೋಟೆಲ್ ನಡೆಸುವ ಲೆಕ್ಕ ಮತ್ತು ಕಟ್ಟಡ ಕಾಯುವ ಲೆಕ್ಕ ಬೇರೆಯಾಗಬೇಕು. ಗುಮ್ಮಟ, ಚಾವಣಿ, ಗಾರೆ, ಚಿತ್ರಗಳು ಈ ರಾಜ್ಯದ ಸ್ವತ್ತು. ಅವುಗಳ ದುರಸ್ತಿಯನ್ನು ಕೋಣೆ ಬಾಡಿಗೆಯಿಂದ ಉಳಿದ ಚಿಲ್ಲರೆಯಲ್ಲಿ ಮಾಡು ಎಂದು ಹೋಟೆಲಿನವರಿಗೆ ಹೇಳುವುದು ತಪ್ಪು. ಅದಕ್ಕೆ ಪ್ರತಿ ವರ್ಷ ಬಜೆಟ್ಟಿನಲ್ಲಿ ಹಣ ಇಡಬೇಕು. ಸುಣ್ಣದ ಕೆಲಸ ಬಲ್ಲ ಗಾರೆಯವರನ್ನು ಕಾಯಮ್ಮಾಗಿ ಇಟ್ಟುಕೊಳ್ಳಬೇಕು. ಜೂನ್ ಮಳೆ ಹಿಡಿಯುವ ಮೊದಲು ತಾರಸಿ ಕೆಲಸ ಮುಗಿಯಬೇಕಾದರೆ ಏಪ್ರಿಲ್, ಮೇ ತಿಂಗಳಲ್ಲಿ ಒಂದಷ್ಟು ಭಾಗ ಮುಚ್ಚಬೇಕಾಗುತ್ತದೆ. ಅದೇ ಬೇಸಿಗೆ ರಜೆ, ಮದುವೆಯ ಕಾಲ. ಆದಾಯ ಹೋಗುತ್ತದೆಂದು ದುರಸ್ತಿ ಮುಂದೂಡುವ ಒತ್ತಡ ಪ್ರತಿ ವರ್ಷ ಬಂದೇ ಬರುತ್ತದೆ. ಹಣ ಬೇರೆ ಲೆಕ್ಕದಿಂದ ಬಂದರೆ ಮಾತ್ರ ಆ ಒತ್ತಡ ತಾಳಿಕೊಳ್ಳಲು ಸಾಧ್ಯ. ಹೊಯ್ಸಳರ ದೇವಾಲಯಗಳು 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಬೇಲೂರು, ಹಳೇಬೀಡು, ಸೋಮನಾಥಪುರ ಮೂರನ್ನೂ ಜೋಡಿಸಿ ನೋಡಲು ಜನ ಬರುತ್ತಾರೆ. ಅವರ ದಾರಿ ಹಾಸನ ಮತ್ತು ಮೈಸೂರಿನ ಮೇಲೆಯೇ. ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಬೇಕಿಲ್ಲ.

ಇನ್ನು ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬೇಕೆಂದಿರುವ ಮಕ್ಕಳಿಗೆ. ಹಣ ಕಟ್ಟುವ ಮೊದಲು ಫೋನ್ ಮಾಡಿ ಮಾತಾಡಿ. ಕೊಡುವ ಕೋಣೆ ಹಳೆಯ ಅರಮನೆಯ ಭಾಗದಲ್ಲಿದೆಯೋ, ಆಮೇಲೆ ಸೇರಿಸಿದ ಭಾಗದಲ್ಲೋ ಎಂದು ಕೇಳಿ; ಅರಮನೆಯಲ್ಲಿ ಮಲಗಬೇಕೆಂಬ ಆಸೆಗೆ ಇದೇ ಮುಖ್ಯ. ಅಮ್ಮನಿಗೆ ಮಂಡಿ ನೋವಿದ್ದರೆ ಕೋಣೆಯವರೆಗೆ ಲಿಫ್ಟು ಹೋಗುತ್ತದೆಯೇ, ಕೋಣೆಯೊಳಗೆ ಮೆಟ್ಟಿಲಿದೆಯೇ ಕೇಳಿ. ಆ ದಿನ ಅಲ್ಲಿ ಮದುವೆ ಅಥವಾ ಸಮಾರಂಭ ಇದೆಯೇ ಎಂದು ತಪ್ಪದೆ ಕೇಳಿ. ಇದ್ದರೆ ರಾತ್ರಿ ಹನ್ನೊಂದರವರೆಗೆ ನಿಮ್ಮ ಅರಮನೆ ಬೇರೆಯವರ ಮನೆಯಾಗಿರುತ್ತದೆ. ಬಾಡಿಗೆಯ ಜೊತೆ ತೆರಿಗೆಯನ್ನೂ ಲೆಕ್ಕ ಹಿಡಿಯಿರಿ: 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ. 5, ಅದನ್ನು ಮೀರಿದರೆ ಶೇ. 18. ಅಂದರೆ 7,500ರ ಕೋಣೆ ತೆರಿಗೆ ಸೇರಿ 7,875ಕ್ಕೆ ಸಿಕ್ಕರೆ, 8,000ದ ಕೋಣೆಗೆ 9,440 ಕೊಡಬೇಕು. ದಸರೆಯ ಹತ್ತು ದಿನ ಬಿಟ್ಟು ಹೋಗುವುದು ಎಲ್ಲ ರೀತಿಯಲ್ಲೂ ಒಳ್ಳೆಯದು. ಆಗ ದರ ಇಳಿದಿರುತ್ತದೆ, ಕೆಲಸದವರಿಗೂ ಮಾತಾಡಲು ಪುರುಸೊತ್ತಿರುತ್ತದೆ.

ಕೋಣೆ ಬೇಡ, ನೋಡಿದರೆ ಸಾಕು ಎನ್ನುವವರು ಹೊಳೆನರಸೀಪುರದಲ್ಲಿ ಬೆಳಗಿನ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ಊಟ ಮುಗಿಸಿ ಎದ್ದುಬಿಡಬೇಡಿ. ಅಮೃತಶಿಲೆಯ ಮೆಟ್ಟಿಲು, ಒಡೆಯರ ಚಿತ್ರಗಳು, ಹಳೆಯ ಲಿಫ್ಟು ನೋಡಿ. ತೋರಿಸಲು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿ. ಬಹುಕಾಲದಿಂದ ಅಲ್ಲೇ ದುಡಿದವರು ಸಿಕ್ಕಿದರೆ, ಯಾವ ಮಳೆಗೆ ಯಾವ ಮೂಲೆ ಸೋರುತ್ತದೆ ಎಂಬುದರಿಂದ ಹಿಡಿದು ಯಾವ ಕಿಟಕಿಯಿಂದ ಬೆಟ್ಟ ಚೆನ್ನಾಗಿ ಕಾಣುತ್ತದೆ ಎಂಬುದರವರೆಗೆ ಅವರೇ ಹೇಳಬಲ್ಲರು.